ಯಂತ್ರ ಬರೆದ ತಾಯಿಯ ಕಾಗದ



ಗಣಕಯಂತ್ರದ ಚಿತ್ರಕಲೆ ತನ್ನ ಬಾಲ್ಯದಲ್ಲಿ ಹೇಗಿತ್ತೆಂಬುದನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ನನಗೆ ಅಪ್ಪಣೆಯಾಗಿದೆ. ಯಂತ್ರಕ್ಕೆ ನಿಯಮಗಳನ್ನು ಬರೆದುಕೊಡುವುದು, ಆ ನಿಯಮದಂತೆ ಪ್ಲಾಟರ್ ಎಂಬ ಸಾಧನವು ಲೇಖನಿ ಹಿಡಿದು ಗೆರೆ ಎಳೆಯುವುದು, ಬೇಕೆಂದಾಗ ಅದನ್ನು ಸ್ಕ್ರೀನ್ ಪ್ರಿಂಟಿಗೆ ಇಳಿಸಿ ಪ್ರತಿಗಳನ್ನು ತೆಗೆಯುವುದು, ಇವೆಲ್ಲ ತಮಗೆ ತಿಳಿದ ಸಂಗತಿಗಳೇ. ನಮ್ಮ ಕೋಸಗಿ, ನಾರಾಯಣಪೇಟೆ, ಗದ್ವಾಲದ ಕಡೆಯವರಿಗಂತೂ ವಿವರಿಸಬೇಕಾದುದೇ ಇಲ್ಲ. ಜಕಾರ್ಡ್ ಕೂಡಿಸಿದ ಮಗ್ಗದ ನೆತ್ತಿಯಲ್ಲಿ ತೂತು ಕೊರೆದ ರಟ್ಟುಗಳು ಒಂದರ ಹಿಂದೊಂದು ಹೊರಳುತ್ತ, ತೂತಿದ್ದೆಡೆ ಹಾಸಿನ ಎಳೆ ಎದ್ದು, ಇಲ್ಲದೆಡೆ ಕುಳಿತು, ಸೆರಗಿನಲ್ಲಿ ಹೂವು ಮೂಡುವುದನ್ನು ಕಂಡವರು ಗಣಕಯಂತ್ರದ ಮೂಲತತ್ತ್ವವನ್ನೇ ಕಂಡವರು. ಫ್ರಾನ್ಸಿನ ಜಕಾರ್ಡ್ ಮಹಾಶಯನು 1804ರ ಸುಮಾರಿಗೆ ರೂಪಿಸಿದ ಆ ರಟ್ಟಿನ ಉಪಾಯವನ್ನೇ ಅಲ್ಲವೆ, ಮುಂದೆ ಇಂಗ್ಲೆಂಡಿನ ಬ್ಯಾಬೇಜನು ತನ್ನ ಗಣನಯಂತ್ರಕ್ಕೆ ಅಳವಡಿಸಬಯಸಿದುದು!

1965ರಲ್ಲಿ ಜರ್ಮನಿಯ ಸ್ಟಟ್‌ಗಾರ್ಟ್ ನಗರದಲ್ಲಿ ಗಿಯಾರ್ಗ್ ನೇಸ್, ಫ್ರೀಡರ್ ನಾಕೆ ಎಂಬಿಬ್ಬರೂ, ಅಮೆರಿಕದಲ್ಲಿ ಮೈಕೆಲ್ ನೋಲ್‌ನೂ ಗಣಕಯಂತ್ರ ಬರೆದ ಚಿತ್ರಗಳನ್ನು ಪ್ರದರ್ಶಿಸಿದರು. ಗಣಿತಜ್ಞನಾದ ನಾಕೆಯು ಅದೇ ವರ್ಷ ಪೌಲ್ ಕ್ಲೇ ಎಂಬ ಚಿತ್ರಕಾರನಿಗೆ ಗೌರವಾರ್ಪಣೆಯಾಗಿ ರಚಿಸಿದ ರೇಖಾಚಿತ್ರ ಸುಪ್ರಸಿದ್ಧವಾದುದು. ಚೌಕವೆಷ್ಟು, ಪಟ್ಟಿಗಳು ಹೇಗೆ ಎಂಬುದನ್ನು ತಾನು ನಿಶ್ಚಯಿಸಿ, ಉಳಿದುದನ್ನು ಸಂಭಾವ್ಯತೆಯ ಗಣಿತಕ್ಕೆ ಬಿಟ್ಟುದರಿಂದ, ಲೇಖನಿ ನಿಲ್ಲುವವರೆಗೆ ಚಿತ್ರದ ಸ್ವರೂಪ ಸ್ವತಃ ಅವನಿಗೇ ಗೊತ್ತಿರಲಿಲ್ಲ. ಈ ಆಕಸ್ಮಿಕದ ಸುಖ ಅಚ್ಚಿನ ಚಿತ್ರ ಮಾಡುವವರಿಗೆ ಹೊಸದಲ್ಲ. ಮೆದಕ್ ಸೀಮೆಯ ನಿಜಾಂಪುರದಲ್ಲಿ ಹುಟ್ಟಿದ ನಮ್ಮ ಲಕ್ಷ್ಮಾ ಗೌಡರ ಎಚ್ಚಿಂಗುಗಳನ್ನು ನೋಡಿರಿ. ಅವುಗಳಲ್ಲಿನ ಆಡುಗಳ ಮೈಯ ಒರಟನ್ನು ಗೌಡರ ಕೈ ಎಷ್ಟು ಬರೆದಿದೆಯೋ, ಲೋಹದ ತಗಡನ್ನು ತಿಂದ ಆಮ್ಲವೂ ಅಷ್ಟು ಬರೆದಿದೆ. ಗೌಡರ ವಿಷಯ ತೆಗೆದರೆ ಸಂಜೆಯಾದೀತು, ಇರಲಿ.

ನನ್ನ ಮನಸ್ಸನ್ನು ಸಂಪೂರ್ಣವಾಗಿ ಗೆದ್ದುಕೊಂಡವಳು ವೆರಾ ಮೊಲ್ನಾರ್. ಬುಡಾಪೆಸ್ಟಿನಲ್ಲಿ 1924ರಲ್ಲಿ ಹುಟ್ಟಿ, 1947ರಿಂದ ಪ್ಯಾರಿಸಿನಲ್ಲಿ ನೆಲೆಸಿದ ಈಕೆ, ಗಣಕಯಂತ್ರ ಕೈಗೆ ದೊರಕುವ ಮೊದಲೇ, ಯಂತ್ರವಿದೆಯೆಂದು ಕಲ್ಪಿಸಿಕೊಂಡು ತನಗೆ ತಾನೇ ನಿಯಮ ಹಾಕಿಕೊಂಡು ಗೆರೆಗಳನ್ನು ಎಳೆಯುತ್ತಿದ್ದಳು. 1968ರಲ್ಲಿ ನಿಜವಾದ ಯಂತ್ರ ಸಿಕ್ಕಿತು. ಒಂದರೊಳಗೊಂದು ಕುಳಿತ ಚೌಕಗಳನ್ನು ಬರೆಯಿಸಿ, ಅವುಗಳ ಮೂಲೆಗಳನ್ನು ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ ಕದಲಿಸುವ ಅವಳ ಹದ ಎಂಥದೆಂದರೆ, ಆ ಒಂದು ಪಾಲು ಕಡಮೆಯಾದರೆ ಚಿತ್ರ ಜಡ, ಮಿತಿಮೀರಿದರೆ ಬರಿಯ ಗೊಂದಲ.

ಆದರೆ ನಾನು ಹೇಳಬೇಕೆಂದು ಬಂದುದು ಕಾಗದಗಳ ಮಾತು. ವೆರಾಳ ತಾಯಿ ಬುಡಾಪೆಸ್ಟಿನಿಂದ ವಾರಕ್ಕೊಂದು ಕಾಗದ ಬರೆಯುತ್ತಿದ್ದಳು. ಪ್ರತಿಯೊಂದು ಸಾಲೂ ಎಡಗಡೆಯಲ್ಲಿ ಹಳೆಯ ಕಾಲದ ಶಿಸ್ತಿನಿಂದ ನೆಟ್ಟಗೆ ಹೊರಟು, ಬಲಕ್ಕೆ ಸಾಗಿದಂತೆ ಚಂಚಲವಾಗಿ, ತುದಿಯಲ್ಲಿ ಗಾಳಿಗೆ ಸಿಕ್ಕ ಜೋಳದ ಬೆಳೆಯಂತೆ ತೊನೆದಾಡುತ್ತಿತ್ತು. ವಯಸ್ಸಾದ ಹಾಗೆ ಆ ಕಂಪ ಹೆಚ್ಚಿತು. ಎಂಬತ್ತರ ದಶಕದಲ್ಲಿ ಮಗಳು ಆ ಕೈಬರೆಹದ ಲಯವನ್ನೇ ನಿಯಮವಾಗಿ ಬರೆದು ಯಂತ್ರಕ್ಕೆ ಕೊಟ್ಟಳು. ಪ್ಲಾಟರು ಎಳೆದ ಆ ಹಾಳೆಗಳಲ್ಲಿ ಒಂದಾದರೂ ಓದಬಲ್ಲ ಅಕ್ಷರವಿಲ್ಲ. ಎಡದಂಚಿನಲ್ಲಿ ಸಮನಾದ ಏರಿಳಿತ, ಬಲಕ್ಕೆ ಹೋದಂತೆ ಒಂದರ ಮೇಲೊಂದು ಬೀಳುವ ಚೂಪು ಗೆರೆಗಳು, ಅಷ್ಟೆ. ಹಾಗಿದ್ದೂ, ಮುಪ್ಪಿನ ಕೈಯಿಂದ ಬಂದ ಕಾಗದವನ್ನು ಬಿಡಿಸಿ ನೋಡಿದವರಾರಿಗೂ ಅದು ಏನೆಂದು ಹೇಳಿಕೊಡಬೇಕಾಗಿಲ್ಲ. ತಾಯಿಯ ಕಾಗದಗಳು ಬರುವುದು ನಿಂತ ಮೇಲೂ ಮಗಳು ತನಗೆ ತಾನೇ ಅವನ್ನು ಬರೆಯಿಸಿಕೊಂಡಳು. ಯಂತ್ರಕ್ಕೆ ಹೃದಯವಿಲ್ಲವೆಂಬ ಆಕ್ಷೇಪಕ್ಕೆ ನನ್ನ ಉತ್ತರ ಈ ಹಾಳೆಗಳೇ: ಸಾಲಿನ ಯಾವ ಎಡೆಯಲ್ಲಿ ಕೈ ನಡುಗಬೇಕೆಂದು ಯಂತ್ರಕ್ಕೆ ಹೇಳಿಕೊಟ್ಟುದು ಮಗಳ ಪ್ರೀತಿಯಲ್ಲವೆ?

ವೇಳೆ ಮೀರುತ್ತಿದೆಯೆಂದು ಸೂಚನೆ ಬಂದಿದೆ. ನೋಲ್‌ನ ಪ್ರಯೋಗವನ್ನಾದರೂ ಹೇಳಿಬಿಡುತ್ತೇನೆ: ಚಿತ್ರಕಾರ ಮಾಂಡ್ರಿಯಾನನ ಚಿತ್ರವನ್ನೂ ಯಂತ್ರದ ಚಿತ್ರವನ್ನೂ ನೂರು ಜನರ ಮುಂದಿಟ್ಟಾಗ, 59 ಮಂದಿ ಯಂತ್ರದ್ದನ್ನೇ ಮೆಚ್ಚಿದರು! ಹೆರಾಲ್ಡ್ ಕೊಹೆನನು ಚಿತ್ರ ಬರೆಯಲೆಂದು ರೂಪಿಸಿದ ‘ಆರನ್’ ಎಂಬ ಗಣಕಕ್ರಮ, ಗಣಕಕಲೆಯ 1968ರ ಲಂಡನ್ ಪ್ರದರ್ಶನ, ಅಚ್ಚಿನ ಚಿತ್ರಕಾರ ಕೃಷ್ಣ ರೆಡ್ಡಿಯವರು ಒಂದೇ ತಗಡಿನಿಂದ ಹಲವು ಬಣ್ಣ ತೆಗೆದ ಬಗೆ, ಇವೆಲ್ಲ ಉಳಿದೇಹೋದುವು. ವೆರಾ ಮೊಲ್ನಾರ್ 2023ರ ಡಿಸೆಂಬರಿನಲ್ಲಿ, ನೂರು ತುಂಬಲು ಒಂದು ತಿಂಗಳೂ ಇಲ್ಲದಿರುವಾಗ ತೀರಿಕೊಂಡಳು. ಮರುವರ್ಷ ಪ್ಯಾರಿಸಿನ ಪಾಂಪಿಡೂ ಕೇಂದ್ರದಲ್ಲಿ ಅವಳ ಕೃತಿಗಳ ದೊಡ್ಡ ಪ್ರದರ್ಶನವಾಯಿತು. ಆ ಕಾಗದಗಳ ಚಿತ್ರವನ್ನು ಎಲ್ಲಿಯಾದರೂ ದೊರಕಿಸಿಕೊಂಡು, ಎಡದಿಂದ ಬಲಕ್ಕೆ, ಸಾಲುಸಾಲಾಗಿ, ದಯವಿಟ್ಟು ನಿಧಾನವಾಗಿ ನೋಡಿರಿ.