ಹೊಲಗೆಲಸದಲ್ಲಿ ಸ್ನಾಯು ಸೆಳೆತ
(ರೈತ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಎತ್ತು ಕುಂಟಿದರೆ ರೈತ ಕೂಡಲೇ ನೊಗ ಇಳಿಸಿ ನೋಡುತ್ತಾನೆ. ತನ್ನ ಕಾಲು ಹಿಡಿದುಕೊಂಡರೆ ಮಾತ್ರ ಹಲ್ಲು ಕಚ್ಚಿ ಕೆಲಸ ಮುಂದುವರಿಸುತ್ತಾನೆ. ಬಿಸಿಲಿನಲ್ಲಿ ಕಬ್ಬು ಕಡಿಯುವಾಗ, ಕೆಸರಿನಲ್ಲಿ ಬಗ್ಗಿ ನಾಟಿ ಮಾಡುವಾಗ ಮೀನಖಂಡ ಕಲ್ಲಿನಂತೆ ಗಂಟುಕಟ್ಟುವುದುಂಟು. 'ನರ ಹಿಡಿಯಿತು' ಎನ್ನುವುದು ರೂಢಿ. ಆದರೆ ಬಿಗಿಯುವುದು ನರವಲ್ಲ, ಸ್ನಾಯು.

ದಣಿದ ಸ್ನಾಯುವಿಗೆ ಕುಗ್ಗುವಂತೆ ನರಗಳಿಂದ ಸೂಚನೆ ಬರುತ್ತಲೇ ಇದ್ದರೆ ಅದು ಸಡಿಲವಾಗದೆ ಸೆಳೆಯುತ್ತದೆ. ಬಹಳ ಬೆವರಿದಾಗ ನೀರಿನೊಂದಿಗೆ ಉಪ್ಪೂ ನಷ್ಟವಾಗುತ್ತದೆ. ಬರೀ ನೀರು ಕುಡಿದರೆ ಈ ಕೊರತೆ ತುಂಬುವುದಿಲ್ಲ. 1920ರ ದಶಕದಲ್ಲಿ ಇಂಗ್ಲೆಂಡಿನ ಆಳವಾದ ಕಲ್ಲಿದ್ದಲು ಗಣಿಗಳ ಕಾರ್ಮಿಕರಲ್ಲಿ ಇದನ್ನು ಗಮನಿಸಿ, ಕುಡಿಯುವ ನೀರಿಗೆ ಸ್ವಲ್ಪ ಉಪ್ಪು ಬೆರೆಸಲು ಸಲಹೆ ನೀಡಲಾಯಿತು.

ಸೆಳೆತ ಬಂದಾಗ ಹೀಗೆ ಮಾಡಬೇಕು:

1. ಕೆಲಸ ನಿಲ್ಲಿಸಿ ನೆರಳಿನಲ್ಲಿ ಕುಳಿತುಕೊಳ್ಳಿ.

2. ಮಂಡಿ ನೇರವಾಗಿಟ್ಟು, ಪಾದದ ಬೆರಳುಗಳನ್ನು ನಿಧಾನವಾಗಿ ಮೊಣಕಾಲಿನ ಕಡೆಗೆ ಎಳೆದು ಸುಮಾರು 30 ಸೆಕೆಂಡು ಹಿಡಿಯಿರಿ. ಜಗ್ಗಬಾರದು. ಬಿಗಿ ಇಳಿದ ಮೇಲೆ ಮೃದುವಾಗಿ ತಿಕ್ಕಿ.

3. ಉಪ್ಪು ಹಾಕಿದ ಮಜ್ಜಿಗೆ ಅಥವಾ ಗಂಜಿ ಕುಡಿಯಿರಿ. ಇಲ್ಲವೇ 1 ಲೀಟರ್ ಶುದ್ಧ ನೀರಿಗೆ 6 ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಕುಡಿಯಿರಿ. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಉಪ್ಪು ಹೆಚ್ಚಿಸಬೇಕು.

ಒಂದು ಗಂಟೆಯೊಳಗೆ ಸೆಳೆತ ಕಡಿಮೆಯಾಗದಿದ್ದರೆ ವೈದ್ಯರ ಬಳಿ ಹೋಗಿ.

ಆದರೆ ಎಲ್ಲ ಸೆಳೆತವೂ ದಣಿವಿನದಲ್ಲ. ಕ್ಲೋರೋಪೈರಿಫಾಸ್‌ನಂತಹ ಕೀಟನಾಶಕ ಸಿಂಪಡಿಸಿದ ಮೇಲೆ ಸ್ನಾಯುಗಳು ಅದುರಿ, ಜೊಲ್ಲು ಸುರಿದು, ಕಣ್ಣು ಮಂಜಾದರೆ ಅದು ವಿಷಬಾಧೆ. ಬಟ್ಟೆ ತೆಗೆದು, ಸೋಪಿನಿಂದ ಮೈ ತೊಳೆದು, ಔಷಧಿಯ ಚೀಟಿಯೊಂದಿಗೆ ಆಸ್ಪತ್ರೆಗೆ ಒಯ್ಯಿರಿ. ಗಾಯವಾದ ಕೆಲವು ದಿನಗಳಲ್ಲಿ ದವಡೆ, ಕುತ್ತಿಗೆ ಬಿಗಿದರೆ ಧನುರ್ವಾಯುವಿರಬಹುದು. ಬಿಸಿಲಿನಲ್ಲಿ ಮೈ ಕೆಂಡದಂತಾಗಿ ಮಾತು ತೊದಲಿದರೆ ಮೈಮೇಲೆ ತಣ್ಣೀರು ಸುರಿಯುತ್ತಲೇ ಸಾಗಿಸಿ. ಈ ಮೂರರಲ್ಲಿಯೂ ಕಾಲು ತಿಕ್ಕುತ್ತಾ ಕೂತರೆ ಜೀವಕ್ಕೇ ಅಪಾಯ.

ಬರದಂತೆ ತಡೆಯುವುದೇ ಲೇಸು. ಕಷ್ಟದ ಕೆಲಸವನ್ನು ಬೆಳಗಿನ ತಂಪಿನಲ್ಲಿ ಮುಗಿಸಿ. ಬಿಸಿಲಿನಲ್ಲಿ 20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಿರಿ. ಬಿಸಿಲಿಗೆ ಹೊಸಬರಾದ ಆಳುಗಳಿಗೆ ಮೊದಲ ವಾರ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ. ಹೊಲಕ್ಕೆ ಕುಡುಗೋಲಿನ ಜೊತೆಗೆ ಮಜ್ಜಿಗೆಯ ತಂಬಿಗೆಯೂ ಹೋಗಲಿ.