ವಿಶ್ವಕೋಶದಲ್ಲೊಬ್ಬ ಪುರಸಭಾಧ್ಯಕ್ಷರು
(ಬಾನುಲಿ ಭಾಷಣ)

ವಿಶ್ವಕೋಶದ ಲೇಖನವನ್ನು ಪರಿಶೀಲಿಸುವುದೆಂದರೆ ಇಸವಿಗಳನ್ನು ತಾಳೆ ನೋಡುವುದೆಂದು ಸಾಮಾನ್ಯವಾದ ತಿಳಿವಳಿಕೆ. ಇಸವಿಯನ್ನು ತಿದ್ದುವುದು ಸುಲಭ. ಕ್ರಿಯಾಪದವನ್ನು ತಿದ್ದುವುದು ಕಷ್ಟ. ಈಚೆಗೆ ವಿಶ್ವಕೋಶವೊಂದರ ಸಂಪಾದಕರು ಅಭಿಪ್ರಾಯ ಬೇಡಿ ನನಗೆ ಕಳುಹಿಸಿದ ಕರಡೊಂದು ಈ ಮಾತನ್ನು ಚೆನ್ನಾಗಿ ಮನದಟ್ಟು ಮಾಡಿಕೊಟ್ಟಿತು. ಅದರ ವಸ್ತು, ಹಲವು ವರ್ಷ ಉಡುಪಿ ಪುರಸಭೆಯ ಅಧ್ಯಕ್ಷರಾಗಿದ್ದ ಡಾಕ್ಟರ್ ವಿ. ಎಸ್. ಆಚಾರ್ಯರು.

ಬೆಂಗಳೂರಿನ ಕುಮಾರಸ್ವಾಮಿ ಲೇಔಟಿನಲ್ಲಿ ಕುಳಿತು ಓದುವ ನನ್ನಂಥವನಿಗೆ ಬಹುಕಾಲದ ನಗರಾಧ್ಯಕ್ಷರೆಂಬ ಕಲ್ಪನೆಯೇ ತುಸು ಅಪರಿಚಿತ. 1949ರಲ್ಲಿ ಪೇಟೆಯೂ ದಂಡೂ ಒಂದಾಗಿ ಬೆಂಗಳೂರಿಗೆ ಕಾರ್ಪೊರೇಷನ್ ಬಂದಿತು, ಆರ್. ಸುಬ್ಬಣ್ಣನವರು ಮೊದಲ ಮೇಯರ್. 1976ರ ಕಾಯಿದೆಯಂತೂ ಮೇಯರ್ ಪದವಿಗೆ ಒಂದೇ ವರ್ಷದ ಅವಧಿ ಕೊಟ್ಟಿತು. ಕಡತಗಳು ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತವೆಂಬುದು ತಿಳಿಯುವ ಹೊತ್ತಿಗೆ ಪದವಿ ಮುಗಿದಿರುತ್ತಿತ್ತು. ಇದ್ದ ಅಧಿಕಾರವಾದರೂ ಎಷ್ಟು? ನೀರಿನ ಸರಬರಾಜು 1964ರಲ್ಲಿ ಜಲಮಂಡಳಿಗೆ ಹೋಯಿತು. ಬಡಾವಣೆಗಳ ರಚನೆ ಮೊದಲು ಟ್ರಸ್ಟ್ ಬೋರ್ಡಿನದು, 1976ರಿಂದ ಅಭಿವೃದ್ಧಿ ಪ್ರಾಧಿಕಾರದ್ದು. ಕನಕಪುರ ರಸ್ತೆಯ ಗುಂಟ ಬರುವ ಕಾವೇರಿಯ ಕೊಳವೆಗಳಿಗೂ ಮೇಯರರ ಸಹಿಗೂ ಸಂಬಂಧವಿಲ್ಲ. ನಮ್ಮ ಬಡಾವಣೆ 198 ವಾರ್ಡುಗಳ ಕಾಲದಲ್ಲಿ 181ನೆಯ ವಾರ್ಡಾಗಿತ್ತು. 2020ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯ ಅವಧಿ ಮುಗಿಯಿತು. ಬಳಿಕ ವರ್ಷಗಟ್ಟಲೆ ಮೇಯರೇ ಇರಲಿಲ್ಲ. 2025ರಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಒಡೆದರು. ಇಂಥ ಊರಿನ ಮೇಯರುಗಳ ಬಗೆಗೆ ವಿಶ್ವಕೋಶ ಬರೆಯಬಹುದಾದದ್ದು ಹೆಚ್ಚೆಂದರೆ ಹೆಸರುಗಳ ಒಂದು ಪಟ್ಟಿ.

ಉಡುಪಿಯ ಸಂಗತಿ ಬೇರೆ. 1968ರಲ್ಲಿ ಜನಸಂಘ ಅಲ್ಲಿಯ ಪುರಸಭೆಯನ್ನು ಗೆದ್ದುಕೊಂಡಾಗ ಅಧ್ಯಕ್ಷ ಪೀಠಕ್ಕೆ ಬಂದವರು ಮೂವತ್ತು ತುಂಬದ ಒಬ್ಬ ವೈದ್ಯರು. ಮುಂದಿನ ದಶಕದಲ್ಲಿಯೂ ಅವರೇ ಮುಂದುವರಿದರು. ನನ್ನ ಕೈಗೆ ಬಂದ ಕರಡು ಈ ಕಾಲವನ್ನು ಎರಡು ವಾಕ್ಯಗಳಲ್ಲಿ ದಾಟಿಬಿಟ್ಟಿತ್ತು. 1983ರಲ್ಲಿ ವಿಧಾನಸಭೆ, 2008ರಲ್ಲಿ ಗೃಹಖಾತೆ, ಉನ್ನತ ಶಿಕ್ಷಣ ಸಚಿವರಾಗಿರುವಾಗಲೇ 2012ರ ಫೆಬ್ರವರಿ 14ರಂದು ನಿಧನ: ಹೀಗೆ ಉಳಿದುದೆಲ್ಲ ಖಾತೆಗಳ ಯಾದಿ. ಮಂತ್ರಿಪದವಿಗಳ ವಿವರ ಸರ್ಕಾರಿ ಪ್ರಕಟಣೆಗಳಲ್ಲಿ ಯಾರಿಗೂ ಸಿಗುತ್ತದೆ. ಓದುಗನು ವಿಶ್ವಕೋಶವನ್ನು ತೆರೆಯುವುದು ಆ ಎರಡು ವಾಕ್ಯಗಳಿಗಾಗಿ ಎಂಬುದು ನನ್ನ ಮೊದಲ ಟಿಪ್ಪಣಿ.

ಆ ವಾಕ್ಯಗಳು ಇವು. ಒಂದು, ಉಡುಪಿಗೆ ಸ್ವರ್ಣಾ ನದಿಯ ನೀರನ್ನು ತಂದರು. ಇನ್ನೊಂದು, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ದೇಶದಲ್ಲಿಯೇ ಮೊದಲಿಗೆ ನಿರ್ಮೂಲ ಮಾಡಿದರು.

ಮಲ ಹೊರುವುದೆಂದರೇನೆಂದು ಇಂದಿನ ಕೇಳುಗರಲ್ಲಿ ಅನೇಕರು ಕಂಡಿರಲಾರರು. ಅಂದಿನ ಮನೆಗಳ ಕಕ್ಕಸು ಹಿತ್ತಲಿನ ಕೊನೆಯಲ್ಲಿ ಇರುತ್ತಿತ್ತು. ಹಿಂಬದಿಗೆ ಒಂದು ಗಿಂಡಿ, ಒಳಗೊಂದು ಡಬ್ಬಿ ಅಥವಾ ಬುಟ್ಟಿ. ನಸುಕಿನಲ್ಲಿ ಜಾಡಮಾಲಿಗಳು ಬಂದು, ಆ ಗಿಂಡಿಯಿಂದ ಬಳಿದು ತುಂಬಿ, ತಲೆಯ ಮೇಲಿಟ್ಟುಕೊಂಡು ಹೋಗಬೇಕು. ಮಳೆಗಾಲದಲ್ಲಿ ಅದು ಮೈಮೇಲೆ ಸೋರುತ್ತಿತ್ತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಂಥ ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನ ನಡುವೆ ಕನ್ಸರ್ವೆನ್ಸಿ ಗಲ್ಲಿಗಳೆಂಬ ಇಕ್ಕಟ್ಟಾದ ಓಣಿಗಳನ್ನು ಬಿಟ್ಟಿದ್ದುದು ಇದೇ ಕೆಲಸಕ್ಕಾಗಿ. ಹೊರುವವರು ಮುಂಬಾಗಿಲಿನವರ ಕಣ್ಣಿಗೆ ಬೀಳಬಾರದೆಂಬ ಎಚ್ಚರ ನಗರದ ನಕ್ಷೆಯಲ್ಲಿಯೇ ಅಡಗಿತ್ತು.

ಈ ಪದ್ಧತಿ ಠರಾವಿನಿಂದ ನಿಲ್ಲುವಂಥದಲ್ಲ. ಡಬ್ಬಿಯ ಕಕ್ಕಸು ಹೋಗಬೇಕಾದರೆ ನೀರು ಹೊಯ್ಯುವ ಕಕ್ಕಸು ಬರಬೇಕು. ಅದಕ್ಕೊಂದು ಗುಂಡಿಯೋ ಒಳಚರಂಡಿಯೋ ಬೇಕು. ಎಲ್ಲಕ್ಕಿಂತ ಮೊದಲು ನೀರು ಬೇಕು. ಬೇಸಗೆಯಲ್ಲಿ ಬಾವಿಯ ತಳ ಕಾಣುವ ಮನೆಯವರು ಕುಡಿಯುವ ನೀರನ್ನು ಕಕ್ಕಸಿಗೆ ಹೊಯ್ಯುವುದುಂಟೇ? ಆದುದರಿಂದ ಕರಡಿನಲ್ಲಿ ಬೇರೆ ಬೇರೆ ಸಾಧನೆಗಳೆಂಬಂತೆ ನಿಂತಿದ್ದ ಆ ಎರಡು ವಾಕ್ಯಗಳು ನಿಜವಾಗಿ ಒಂದೇ ಕೆಲಸದ ಎರಡು ತುದಿಗಳು. ಮತ್ತು ಇಂಥ ಕೆಲಸಕ್ಕೆ ಒಂದು ವರ್ಷ ಸಾಲದು. ದೀರ್ಘಾವಧಿಯ ಅಧ್ಯಕ್ಷತೆಗೆ ಏನಾದರೂ ಬೆಲೆ ಇದ್ದರೆ ಅದು ಇಲ್ಲಿಯೇ: ತಾನು ಕೈಯಿಟ್ಟ ಕೆಲಸ ಕೊನೆಮುಟ್ಟುವವರೆಗೆ ಜವಾಬು ಹೇಳಲು ಅದೇ ಮನುಷ್ಯ ಅದೇ ಕುರ್ಚಿಯಲ್ಲಿ ಇರುತ್ತಾನೆ. ಕರಡಿನ ಲೇಖಕರು ಅಧ್ಯಕ್ಷತೆಯ ವರ್ಷಗಳನ್ನು ಎಣಿಸಿದ್ದರು; ಆ ವರ್ಷಗಳು ಏಕೆ ಬೇಕಾದವೆಂಬುದನ್ನು ಹೇಳಿರಲಿಲ್ಲ.

ಇನ್ನು ಕ್ರಿಯಾಪದ. ನಿಷೇಧಿಸುವುದು, ನಿಲ್ಲಿಸುವುದು, ನಿರ್ಮೂಲ ಮಾಡುವುದು: ಕನ್ನಡದಲ್ಲಿ ಇವು ಮೂರು ಬೇರೆ ಮಾತುಗಳು. ಪುರಸಭೆ ತನ್ನ ಎಲ್ಲೆಯೊಳಗೆ ನಿಷೇಧಿಸಬಹುದು. ಪಟ್ಟುಹಿಡಿದು ದುಡಿದರೆ ನಿಲ್ಲಿಸಲೂಬಹುದು. ಇಷ್ಟನ್ನು ಉಡುಪಿಯ ಮಟ್ಟಿಗೆ ಹೇಳಿದರೆ ಅದು ದೊಡ್ಡ ಮಾತೇ. ನಿರ್ಮೂಲವೆಂಬುದು ಬೇರಿನ ಮಾತು. ಕೇಂದ್ರ ಸರ್ಕಾರ ನೇಮಿಸಿದ್ದ ಮಲ್ಕಾನಿ ಸಮಿತಿ 1960ರಲ್ಲಿಯೇ ತನ್ನ ವರದಿಯನ್ನು ಕೊಟ್ಟಿತ್ತು. ದೇಶಕ್ಕೆ ಈ ವಿಷಯದಲ್ಲೊಂದು ಕಾಯಿದೆ ಬಂದದ್ದು 1993ರಲ್ಲಿ. ಅದು ಸಾಲದೆಂದು 2013ರಲ್ಲಿ ಇನ್ನೊಂದು. ಈ ನಡುವೆ 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಮ್ಮನ್ನು ಮನೆಗಳಿಂದ ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಭಂಗಿ ಸಮುದಾಯದವರು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ನಿಂತರು. ಅದೇ ರಾಜ್ಯದ ವಿಶ್ವಕೋಶ ‘ನಿರ್ಮೂಲ’ ಎಂಬ ಪದವನ್ನು ಅಷ್ಟು ಸಲೀಸಾಗಿ ಅಚ್ಚು ಹಾಕಬಾರದು.

‘ದೇಶದಲ್ಲಿಯೇ ಮೊದಲಿಗೆ’ ಎಂಬುದರ ಬಗೆಗೂ ಒಂದು ಮಾತು. ನಮ್ಮ ಜೀವನಚರಿತ್ರೆಗಳಿಗೆ ಮೊದಲಿಗನಿಲ್ಲದಿದ್ದರೆ ರುಚಿಯಿಲ್ಲ. ಆದರೆ ಈ ಅಗ್ರಪೂಜೆಯ ಭರದಲ್ಲಿ ಪಕ್ಕದಲ್ಲಿದ್ದವರು ಮರೆಯಾಗುತ್ತಾರೆ. ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಆರಂಭದಲ್ಲಿ ಇಡೀ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಸಾಹಿತ್ಯಾಸಕ್ತರು ಅವರನ್ನು ನೆನೆಯುವುದು 1973ರ ಒಂದು ಮಾತಿಗಾಗಿ. ಕನ್ನಡ ಸಾಹಿತ್ಯದ ಬಹುಪಾಲನ್ನು ಬೂಸಾ ಎಂದದ್ದಕ್ಕೆ ಗಲಭೆಯಾಯಿತು, ಅವರು ಮಂತ್ರಿಪದವಿ ಬಿಡಬೇಕಾಯಿತು. ಬುಟ್ಟಿಯನ್ನು ತಲೆಯಿಂದ ಇಳಿಸಿದ ಆಜ್ಞೆಗಿಂತ ಬೂಸಾ ಎಂಬ ಎರಡಕ್ಷರ ನಮಗೆ ಹೆಚ್ಚು ನೆನಪಿದೆಯೆಂಬುದು ನಮ್ಮ ಬಗೆಗೂ ಏನನ್ನೋ ಹೇಳುತ್ತದೆ. ಬಸವಲಿಂಗಪ್ಪನವರ ಪಕ್ಷವೇ ಬೇರೆ, ಆಚಾರ್ಯರ ಪಕ್ಷವೇ ಬೇರೆ. ಇಬ್ಬರನ್ನೂ ಒಂದೇ ಪರಿಚ್ಛೇದದಲ್ಲಿ ಇಟ್ಟರೆ ಇಬ್ಬರ ಅಭಿಮಾನಿಗಳಿಗೂ ಮುಜುಗರವಾಗಬಹುದು. ಆ ಮುಜುಗರವನ್ನು ತಾಳಿಕೊಳ್ಳುವುದು ವಿಶ್ವಕೋಶಕಾರರ ಕೆಲಸದ ಒಂದು ಭಾಗ.

ಕೊನೆಯ ಟಿಪ್ಪಣಿಯೊಂದಿತ್ತು. ಕರಡಿನ ವಾಕ್ಯದಲ್ಲಿ ಅಧ್ಯಕ್ಷರಿದ್ದರು, ಪದ್ಧತಿಯಿತ್ತು, ಊರಿತ್ತು. ಹೊತ್ತವರು ಮಾತ್ರ ಇರಲಿಲ್ಲ. ಬುಟ್ಟಿ ಇಳಿಸಿದ ಮರುದಿನ ಅವರಿಗೆ ಪುರಸಭೆ ಯಾವ ಕೆಲಸ ಕೊಟ್ಟಿತು? ಸಂಬಳ ಹಾಗೆಯೇ ಉಳಿಯಿತೇ? ಅವರ ಮಕ್ಕಳು ಯಾವ ಶಾಲೆಗೆ ಹೋದರು? ಪುರಸಭೆಯ ನಡವಳಿಗಳ ಪುಸ್ತಕಗಳಲ್ಲಿ, ಸಂಬಳದ ಪಟ್ಟಿಗಳಲ್ಲಿ ಇದನ್ನು ಹುಡುಕಬೇಕು. ಆಗಿನ ಕೆಲಸಗಾರರಲ್ಲಿ ಬದುಕಿರುವವರನ್ನು ಕಂಡು ಕೇಳಬೇಕು. ನಾಲ್ಕು ದಿನ ಉಡುಪಿಗೆ ಹೋಗಿಬನ್ನಿರೆಂದು ಲೇಖಕರಿಗೆ ಬರೆದೆ.

ಸಂಪಾದಕರು ಖಾತೆಗಳ ಯಾದಿಯನ್ನು ಮೊಟಕುಗೊಳಿಸಲು ಒಪ್ಪಿದ್ದಾರೆ. ‘ನಿರ್ಮೂಲ’ ಹೋಗಿ ಅಲ್ಲಿ ‘ನಿಲ್ಲಿಸಿದರು’ ಬಂದಿದೆ. ಬಸವಲಿಂಗಪ್ಪನವರ ಹೆಸರನ್ನು ಸೇರಿಸುವ ಬಗೆಗೆ ನಮ್ಮ ಪತ್ರವ್ಯವಹಾರ ಇನ್ನೂ ನಡೆದಿದೆ.