ಪಾರ್ಶ್ವವಾಯು ರೋಗಿಯ ಶುಶ್ರೂಷೆ ಮತ್ತು ನಮ್ಮ ಮಕ್ಕಳ ನರ್ಸಿಂಗ್ ಶಿಕ್ಷಣ
(ವಿದ್ಯಾರ್ಥಿವೇತನ ವಿತರಣಾ ಸಭೆಯ ಭಾಷಣ)



ಮನೆಯ ಹಿರಿಯರ ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ಕೂಡಲೇ 108ಕ್ಕೆ ಕರೆ ಮಾಡಬೇಕು. ಆದರೆ ನಾವು ಪ್ರೀತಿಯಿಂದ ಮೊದಲು ಒಂದು ಚಮಚ ಝಮ್ ಝಮ್ ನೀರು ಕುಡಿಸಲು ಹೋಗುತ್ತೇವೆ. ನುಂಗುವ ಶಕ್ತಿ ಕುಂದಿದ್ದರೆ ಆ ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಹುದು.

ಆಸ್ಪತ್ರೆಯಲ್ಲಿ ತರಬೇತಿ ಪಡೆದ ನರ್ಸ್ ರೋಗಿಯನ್ನು ನೆಟ್ಟಗೆ ಕೂರಿಸಿ, ಸ್ವಲ್ಪವೇ ನೀರು ಕೊಟ್ಟು, ಕೆಮ್ಮು ಬರುವುದೇ, ಧ್ವನಿ ಬದಲಾಗುವುದೇ ಎಂದು ನೋಡುತ್ತಾರೆ. ಅಲ್ಲಿಯವರೆಗೆ ಮಾತ್ರೆಯನ್ನೂ ಬಾಯಿಗೆ ಹಾಕುವುದಿಲ್ಲ. ಕಣ್ಣು ತೆರೆಯುವುದು, ಮಾತು, ಚಲನೆ ಇವನ್ನು ಪರೀಕ್ಷಿಸಿ ಪ್ರಜ್ಞೆಗೆ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. ನಾವು ಶಿಕ್ಷಕರು ವರ್ಷಕ್ಕೆ ಕೆಲವು ಸಲ ಅಂಕ ಕೊಟ್ಟವರು. ಆರಂಭದ ಹೊತ್ತಿನಲ್ಲಿ ಅವರು ಗಂಟೆಗಂಟೆಗೂ ಕೊಡಬೇಕಾಗುತ್ತದೆ. ಅಂಕ ಇಳಿದರೆ ವೈದ್ಯರನ್ನು ಕರೆಯುವವರೂ ಅವರೇ. ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುತ್ತಾರೆ. ಸೋತ ಕೈಯನ್ನು ಎಳೆದರೆ ಭುಜದ ಕೀಲಿಗೆ ಪೆಟ್ಟು ಎಂದು ಮನೆಯವರಿಗೆ ಕಲಿಸುತ್ತಾರೆ.

ಪ್ರವಾದಿ(ಸ)ರವರ ಕಾಲದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದ ರುಫೈದಾ(ರ)ರನ್ನು ನಾವು ಗೌರವದಿಂದ ನೆನೆಯುತ್ತೇವೆ. ನಮ್ಮ ತಾಯಂದಿರ ಆರೈಕೆಗೆ ಮಹಿಳಾ ನರ್ಸೇ ಬೇಕೆನ್ನುತ್ತೇವೆ. ಮಗಳು ನರ್ಸಿಂಗ್ ಓದುತ್ತೇನೆಂದರೆ ಮಾತ್ರ ರಾತ್ರಿ ಪಾಳಿಯ ನೆಪ ಹೇಳುತ್ತೇವೆ. ಪೋಷಕರೇ, ದಯವಿಟ್ಟು ಅವಳನ್ನು ತಡೆಯಬೇಡಿ.

ದಾನಿಗಳಲ್ಲಿ ಒಂದು ವಿನಂತಿ. ಜಿ.ಎನ್.ಎಂ. 3 ವರ್ಷ, ಬಿ.ಎಸ್ಸಿ. ನರ್ಸಿಂಗ್ 4 ವರ್ಷದ ಓದು. ಮೊದಲ ವರ್ಷದ ಶುಲ್ಕ ಕೊಟ್ಟು ಕೈಬಿಟ್ಟರೆ ಓದು ಅರ್ಧಕ್ಕೆ ನಿಲ್ಲುತ್ತದೆ. ಕೊನೆಯ ಪರೀಕ್ಷೆಯವರೆಗೂ ಜೊತೆಗಿರೋಣ. ಅಲ್ಲಾಹನು ನಮ್ಮೆಲ್ಲರ ಸೇವೆಯನ್ನು ಸ್ವೀಕರಿಸಲಿ, ಆಮೀನ್.